ಕರೆಯದೆ ಕಳೆದ ವರ್ಷಗಳು

ಗೋಡೆಗೆ ಬಣ್ಣ ಬಳಿಯುವುದು ಅವನ ಕಸುಬು. ಮೇಸ್ತ್ರಿ ‘ಲೇ ಪೇಂಟರ್’ ಅಂತ ಕೂಗುತ್ತಿದ್ದ, ಮನೆ ಯಜಮಾನರು ‘ಏನಪ್ಪಾ’ ಅನ್ನುತ್ತಿದ್ದರು, ಜೊತೆ ಕೆಲಸದವರಿಗೆ ಅವನು ಅಣ್ಣ. ತಡವಾಗಿ ಮದುವೆಯಾಗಿ ಹೆಂಡತಿಗೆ ‘ರೀ’ ಆದ. ಮೊದಲ ಗಂಡ ತೀರಿಹೋಗಿದ್ದ ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಳು. ಆ ಮಗಳಿಗೆ ಮಾತ್ರ ಅವನು ಏನೂ ಆಗಲಿಲ್ಲ.

ಅಪ್ಪ ಅನ್ನು ಅಂತ ತಾಯಿ ಗದರಿದರೆ ಹುಡುಗಿ ತುಟಿ ಬಿಗಿದುಕೊಳ್ಳುತ್ತಿದ್ದಳು. ಬಲವಂತ ಬೇಡ ಅಂತ ಅವನೇ ತಡೆದ. ಅವಳೋ, ಕರೆಯದೆಯೇ ಮಾತಾಡುವುದನ್ನು ಕಲಿತುಬಿಟ್ಟಳು. ‘ಕಾಫಿ ಆಗಿದೆ.’ ‘ಹೊರಗೆ ಯಾರೋ ಬಂದಿದ್ದಾರೆ.’ ನೀನೂ ಇಲ್ಲ, ನೀವೂ ಇಲ್ಲ. ಅವನು ಬೇರೆ ಕೋಣೆಯಲ್ಲಿದ್ದರೆ ಎದ್ದು ಬಂದು ಎದುರು ನಿಂತೇ ಹೇಳಬೇಕು. ಅಷ್ಟು ದೂರ ನಡೆದು ಬರುತ್ತಾಳಲ್ಲ ಅಂತ ಅವನು ಅದರಲ್ಲೇ ಸಮಾಧಾನಪಡುತ್ತಿದ್ದ.

ಹುಡುಗಿ ಬೆಳೆದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಆ ವರ್ಷವೇ ಅವನಿಗೆ ತಲೆಸುತ್ತು ಶುರುವಾಯಿತು. ಎತ್ತರ ಹತ್ತಬೇಡ ಅಂದರು ಡಾಕ್ಟರು. ಹೂಂ ಅಂದು ಬಂದವನು ಸ್ವಲ್ಪ ದಿನಕ್ಕೇ ಮತ್ತೆ ಏಣಿ ಏರಿದ.

ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಹೊರಟ ಮಗಳು ದಾರಿಯಲ್ಲಿ ಸುಮ್ಮನೆ ತಲೆಯೆತ್ತಿದರೆ, ಎರಡನೇ ಮಹಡಿಯ ಎತ್ತರದಲ್ಲಿ ಅವನು. ಕಿಟಕಿಯ ಸರಳು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ಅವಳು ಓಡಿಹೋಗಿ ಏಣಿಯ ಬುಡ ಗಟ್ಟಿಯಾಗಿ ಹಿಡಿದುಕೊಂಡಳು.

“ನಿಂಗೆ ಬುದ್ಧಿ ಇದೆಯಾ? ಡಾಕ್ಟರು ಏನಂದ್ರು ನಿಂಗೆ? ಇಳಿ ಕೆಳಗೆ. ಮೆಲ್ಲಗೆ ಇಳಿ, ನಾನು ಹಿಡ್ಕೊಂಡಿದ್ದೀನಿ.”

ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅವನು ಒಂದೊಂದೇ ಮೆಟ್ಟಿಲು ತಡವಿ ಇಳಿದು, ಮರಳಿನ ಗುಡ್ಡೆಯ ಮೇಲೆ ಕೂತ. ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡುವಾಗಲೂ ಅವಳು ಬೈಯುತ್ತಲೇ ಇದ್ದಳು.

ಅವಳು ಹೋದ ಮೇಲೆ ಜೊತೆಗಾರನೊಬ್ಬ ಮುಖ ಸಣ್ಣದು ಮಾಡಿಕೊಂಡ. “ಏನಣ್ಣ, ಎಲ್ಲರೆದುರು ಏಕವಚನದಲ್ಲಿ ಜಾಡಿಸಿಬಿಟ್ಟಳಲ್ಲ.”

“ಮತ್ತೆ? ಮನೆಯವರನ್ನ ಯಾರಾದ್ರೂ ಬಹುವಚನದಲ್ಲಿ ಬೈತಾರಾ?” ಅಂದ ಇವನು. ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ನಗು ಮಾತ್ರ ತಡೆಯಲಾಗಲಿಲ್ಲ.

ಸುದ್ದಿ ಮನೆ ಮುಟ್ಟಿ, ತಾಯಿ ಮಗಳನ್ನು ತರಾಟೆಗೆ ತೆಗೆದುಕೊಂಡಳು. ಅವನು ನಡುವೆ ಬಾಯಿ ಹಾಕಿ, ಅವಳ ಬಾಯಿಗೆ ಬಂದ ಹಾಗೇ ಕರೀಲಿ ಬಿಡು ಅಂದ. ಮಗಳು ತಟ್ಟೆ ಎತ್ತಿಕೊಂಡು ಸರಕ್ಕನೆ ಒಳಗೆ ಹೋದಳು.

ಅವನು ಏಣಿ ಬಿಟ್ಟು, ಬಾಗಿಲು ಮೇಜುಗಳಿಗೆ ಪಾಲಿಷ್ ಹಾಕುವ ಕೆಲಸ ಹಿಡಿದ. ‘ಅಪ್ಪ’ ಇನ್ನೂ ತಡವಾಗಿ ಬಂತು. ಯಾವತ್ತು ಅಂತ ಕೇಳಿದರೆ ಮೂವರಿಗೂ ನೆನಪಿಲ್ಲ. ಪಾಲಿಷ್ ವಾಸನೆಗೆ ಅವನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ ಅನ್ನುವುದು ಅಪ್ಪ ಮಗಳ ಈಗಿನ ಜಗಳ.