ಬೇರು ಮುಟ್ಟದ ತಂಪು

ನಮ್ಮ ದೊಡ್ಡವ್ವನ ಬಲಗೈ ತೋರುಬೆರಳಿನ ಉಗುರಿನಲ್ಲಿ ಯಾವಾಗಲೂ ಕೆಂಪು ಮಣ್ಣು ಇರುತ್ತಿತ್ತು, ಮದುವೆಮನೆಯಲ್ಲಿ ಬಡಿಸುವಾಗ ಕೂಡ. ಅವ್ವ ಕಣ್ಣಲ್ಲೇ ಗದರಿಸಿದರೆ, "ನಾ ತೊಳದೀನವ್ವಾ, ಅದ ಹೋಗವಲ್ದು" ಎನ್ನುತ್ತ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು. ದಾರಿಯಲ್ಲಿ ಹೋಗುವಾಗಲೂ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಬೆರಳಿಳಿಸಿ ತಂಪು ನೋಡುವುದು ಅಪ್ಪನ ಈ ಅತ್ತಿಗೆಗೆ ಅಂಟಿದ ಚಟ.

ಶಿರಹಟ್ಟಿ ಕಡೆಯ ನಮ್ಮೂರಿನ ಗಾಯರಾಣ, ಅಂದರೆ ಊರ ದನಕುರಿ ಮೇಯುವ ಗುಡ್ಡದ ಇಳಿಜಾರು, ಮೇಯಿಸಿ ಮೇಯಿಸಿ ಬೋಳಾಗಿತ್ತು. ಅದನ್ನು ಮತ್ತೆ ಹುಲ್ಲುಗಾವಲು ಮಾಡಲೇಬೇಕೆಂದು ಹಟ ಹಿಡಿದವಳು ಅವಳೇ. ನೀರು ಇಂಗಲೆಂದು ಕಲ್ಲಿನ ಒಡ್ಡು ಹಾಕಿಸಿದಳು, ಹುಲ್ಲಿನ ಬೀಜ ಚೆಲ್ಲಿದಳು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿಸಿದಳು. ಹುಲ್ಲು ಬಲಿತು ಬೀಜ ಉದುರಿಸುವವರೆಗೆ ಯಾರ ಕುರಿಯೂ ಒಳಗೆ ಬರಬಾರದೆಂದು ಊರವರಿಂದ ಮಾತು ತೆಗೆದುಕೊಂಡಳು.

ಹೋದ ವರ್ಷ ಒಂದು ದೊಡ್ಡ ಮಳೆ ಬಂದು ಗುಡ್ಡ ಹಸಿರಾಯಿತು. ಆಮೇಲೆ ಮಳೆ ಕೈಕೊಟ್ಟಿತು. ಹಟ್ಟಿಯಲ್ಲಿ ಹಸಿದ ಕುರಿಗಳು ಒದರುವುದನ್ನು ಕೇಳಲಾಗುತ್ತಿರಲಿಲ್ಲ. ನಮ್ಮವೂ ಸಾಯತೊಡಗಿದಾಗ ಅಪ್ಪ ಬೇಲಿಯ ಮುಂದೆ ಹೋಗಿ ನಿಂತ.

"ವೈನೀ, ಕಣ್ಣ ಮುಂದ ಹುಲ್ಲೈತಿ, ಕುರಿ ಉಪವಾಸ ಸಾಯಾಕ ಹತ್ಯಾವ."

"ಮ್ಯಾಲಿನ ಮಣ್ಣು ಒಣಗೇತಿ, ಬೇರು ಇನ್ನೂ ಕೆಳಗಿನ ತಂಪಿಗೆ ಮುಟ್ಟಿಲ್ಲಪಾ. ಈಗ ಬಾಯಿ ಹಾಕಿದ್ರ ಬುಡಸಮೇತ ಕಿತ್ತು ಬರ್ತೈತಿ. ಸ್ವಲ್ಪ ತಡಿ."

"ಎಲ್ಲೈತಿ ತಂಪು? ನಿನ್ನ ಉಗುರಿನ್ಯಾಗ?"

ಅಪ್ಪನೇ ಮುಳ್ಳು ಎಳೆದು ಒಗೆದ. ನಮ್ಮ ಕುರಿಗಳ ಹಿಂದೆ ಇಡೀ ಊರಿನವು ನುಗ್ಗಿದವು. ಸಂಜೆಯ ಹೊತ್ತಿಗೆ ಗುಡ್ಡ ಮತ್ತೆ ಬೋಳು. ದೊಡ್ಡವ್ವ ಕುರಿಗಳು ಕಿತ್ತು ಬಿಟ್ಟ ಬೇರುಗಳನ್ನು ಆಯ್ದು, ಬೆರಳಿನಿಂದ ಕುಳಿ ಮಾಡಿ ಊರುತ್ತಿದ್ದಳು. ಅವು ಚಿಗುರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನನಗೆ ಅಳು ಬಂತು, ಅಪ್ಪನ ಮೇಲೆ ಮೈಯೆಲ್ಲ ಉರಿಯಿತು. ಆದರೆ ನಮ್ಮ ಕುರಿಗಳ ಹೊಟ್ಟೆ ಅಂದು ತುಂಬಿತ್ತು.

ಆಮೇಲೆ ಅವಳು ಗುಡ್ಡದ ಕಡೆ ತಲೆ ಹಾಕಲಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡಳು. ಗುಡ್ಡದ ಬುಡದಲ್ಲಿ ಅವಳು ಹಾಕಿಸಿದ ಕೊನೆಯ ಒಡ್ಡಿಗೆ ಹೊಂದಿಕೊಂಡ ನಮ್ಮ ಹೊಲದಲ್ಲೇ ಕುಣಿ ತೋಡಿಸಿದೆವು. ಮೇಲಿನ ಮಣ್ಣು ಕಾದು ಕಲ್ಲಾಗಿತ್ತು. ಮೊಣಕಾಲುಮಟ್ಟ ಇಳಿದ ಮೇಲೆ ತೋಡುವವನು ಗುದ್ದಲಿ ನಿಲ್ಲಿಸಿದ.

"ಯಜಮಾನ್ರ, ಇಲ್ಲಿ ಮಣ್ಣು ತಂಪೈತ್ರಿ."

ಅಪ್ಪ ಕುಣಿಗೆ ಇಳಿದು ಕೂತ. ತೋರುಬೆರಳನ್ನು ಮಣ್ಣಿನಲ್ಲಿ ಊರಿದವನು ತೆಗೆಯಲೇ ಇಲ್ಲ. ದೊಡ್ಡವ್ವನನ್ನು ಇಳಿಸಬೇಕು, ಮೇಲೆ ಬಾ ಎಂದು ನಾನೇ ಅವನ ತೋಳು ಹಿಡಿದು ಎಳೆಯಬೇಕಾಯಿತು.