ಗೆರಿ ಪೆಟಗಿ

ಗೆರಿ ಬಂತರೀ! ನಮ್ಮ ಮೊಮ್ಮಗಳ ಪೆಟಗಿಯೊಳಗ ಹಸರು ಗೆರಿ ಬಂತು! ಬನಹಟ್ಟಿಯ ನಮ್ಮ ಓಣಿಗೆಲ್ಲಾ ಹೇಳಿ ಬಂದೆ, ಹಾಲು ಹಾಕಾಂವಗ ಎರಡು ಸಲ ಹೇಳಿದೆ, ಉಳಿದವರು ನೀವೊಬ್ಬರು. ಮೊಮ್ಮಗಳು ಹುಟ್ಟಿದಾಗೂ ನಾ ಇಷ್ಟು ಹಾರಾಡಿದ್ದಿಲ್ಲ ಅಂತಾಳ ಸೊಸಿ. ಖರೆ ಇದ್ದೀತು. ಕೂಸು ಹುಟ್ಟೇ ಹುಟ್ಟತಾವ. ಈ ಪೆಟಗಿಗೆ ಜೀವಾ ಬರತೈತಿ ಅಂತ ಯಾರೂ ನಂಬಿದ್ದಿಲ್ಲ.

ನಾ ಸಾಲಿ ಕಲಿತದ್ದು ಮೂರನೇತ್ತಾ ತನಕ. ತಿಳಿದದ್ದನ್ನ ಹೇಳತೇನಿ, ತಿಳೀಲಾರದ್ದನ್ನ ಇನ್ನೂ ಜೋರಲೆ ಹೇಳತೇನಿ. ಮೊಮ್ಮಗಳು ರೇಣುಕಾಗ ರೇಡಿಯೋದ ಹುಚ್ಚು. ಬರೇ ಕೇಳೋ ರೇಡಿಯೋ ಅಲ್ಲ, ತಿರುಗಿ ಮಾತಾಡೋ ರೇಡಿಯೋ. ಅದಕ್ಕ ಪರೀಕ್ಷೆ ಕಟ್ಟಿ ಸರಕಾರದ ಪರವಾನಗಿ ತಗೊಂಡಾಳ. ನಮ್ಮ ಮನ್ಯಾಗ ಪರವಾನಗಿ ತಗೊಂಡು ಮಾತಾಡಾಕಿ ಇಕಿನ ಮೊದಲಿನಾಕಿ.

ರೇಡಿಯೋದ ಹೊಟ್ಟಿಯೊಳಗ ಏನು ಕೆಟ್ಟೈತಿ ಅಂತ ನೋಡಾಕ ಒಂದು ಯಂತ್ರ ಇರತೈತಂತ. ಸ್ಕೋಪ್ ಅಂತಾಳ ಅಕಿ. ಕರೆಂಟು ಹೆಂಗ ಕುಣೀತೈತಿ ಅನ್ನೋದನ್ನ ಗಾಜಿನ ಮ್ಯಾಲೆ ಗೆರಿ ಎಳದು ತೋರಸತೈತಿ. ಅದಕ್ಕ ನಾ ಗೆರಿ ಪೆಟಗಿ ಅಂತೇನಿ. ಮಹಾಲಿಂಗಪುರದ ಮೋಡ್ಕಾ ಅಂಗಡ್ಯಾಗ, ಅಂದ್ರ ಗುಜರಿ ಸಾಮಾನಿನ ಅಂಗಡ್ಯಾಗ, ತೂತು ಬಿದ್ದ ಬೆಲ್ಲದ ಕೊಪ್ಪರಿಗಿ ಹಿಂದ ಸಿಕ್ತು. ನನ್ನ ವಾರಿಗಿದು, ನನ್ನಷ್ಟ ವಯಸ್ಸಾದದ್ದು. ನಡುವ ಸಣ್ಣ ರೊಟ್ಟಿಯಷ್ಟು ದುಂಡನ ಗಾಜು, ಸುತ್ತ ಬರೇ ತಿರುವೋ ಗುಂಡಿ, ತೂಕ ಜ್ವಾಳದ ಚೀಲದಷ್ಟು. ಅದೂ ಕೆಟ್ಟಿತ್ತು.

"ರೇಡಿಯೋ ರಿಪೇರಿಗೆ ಇದು ಬೇಕು ಆಯಿ. ಇದರ ರಿಪೇರಿಗೆ ಇಂಥಾದ್ದೇ ಇನ್ನೊಂದು ಇದ್ರ ಛಲೋ" ಅಂದ್ಲು ರೇಣುಕಾ.

"ಅದೂ ಕೆಟ್ಟದ್ದೇ ಸಿಗತೈತಿ. ಮೂರನೇದ್ದಕ್ಕೂ ಈಗ ಹೇಳಿಟ್ಟು ಬಾ" ಅಂದೆ ನಾ.

ನನ್ನ ಹಳೇ ಕೈಮಗ್ಗ ಇದ್ದ ಮೂಲಿ ಅಕಿಗೆ ಕೊಟ್ಟೆ. ಅಲ್ಲೇ ಜಗಳ ಸುರುವಾತು. ನಮ್ಮ ಮನಿಯವರು ಆ ಮೂಲ್ಯಾಗ ಮಗ್ಗದ ನೂಲಿನ ಕಂಡಿಕಿ ಸುತ್ತೋ ಮಶೀನ ಇಡಬೇಕಂತ ಕುಂತಿದ್ರು. "ಅಮಾಸಿ ತನಕ ನೋಡತೇನಿ. ಹತ್ತಿದ್ರ ಹತ್ತಿತು, ಇಲ್ಲಾಂದ್ರ ಟಂಟಂ ಗಾಡಿ ಕರಸಿ ಮೋಡ್ಕಾಕ್ಕ ವಾಪಸ್ಸು" ಅಂದ್ರು. ಅಮಾಸಿಗೆ ನಮ್ಮಲ್ಲಿ ಮಗ್ಗ ಬಂದ್. ಉಳಿದ ದಿನ ಪಾವರ್‌ಲೂಮಿನ ಖಟಾಖಟ್‌ದಾಗ ಗಂಡ ಹೆಂಡ್ತಿ ಜಗಳಾ ಆಡಬೇಕಂದ್ರೂ ಕೈಸನ್ನಿಲೇ ಆಡಬೇಕು.

ರೇಣುಕಾ ಪೆಟಗಿ ಬಿಚ್ಚಿ ಕುಂತ್ಲು. ಮಗ್ಗದಾಗ ಹರಿದ ಎಳಿ ಹುಡುಕಿದಂಗ ಒಂದೊಂದು ವೈರು ಹಿಡದು ನೋಡತಿದ್ಲು. ಎಳಿ ಹರಿದ್ರ ನಾ ಕನ್ನಡದಾಗ ಬೈತಿದ್ದೆ, ಇಕಿ ಇಂಗ್ಲೀಷಿನಾಗ ಬೈತಾಳ. ಸಾಲಿ ಕಲಿತದ್ದರ ಫಾಯದೆ ಅಷ್ಟು. ಹಳೇ ಯಂತ್ರಕ್ಕ ಏಕದಮ್ ಪೂರಾ ಕರೆಂಟು ಕೊಡಬಾರದಂತ, ಸಾವಕಾಶ ಬಿಸಿ ಆಗಾಕ ಬಿಡಬೇಕಂತ. ಈ ಮಾತು ನನಗ ಭಾಳ ಸೇರಿತು. ಸೊಸಿನ್ನ ಕರದು, "ಕೇಳಿದಿಲ್ಲ? ಇನ್ನ ಮ್ಯಾಲೆ ನನಗೂ ಎರಡು ಕಪ್ ಚಾ ಆದಮ್ಯಾಲನ ಕೆಲಸ ಹೇಳು" ಅಂದೆ. ಸೊಸಿ, "ನಿಮಗ ಎರಡು ಕಪ್ಪಿನಾಗ ಬಿಸಿ ಹತ್ತತೈತೇನ್ರಿ ಅತ್ತಿ?" ಅಂದ್ಲು.

ಅಮಾಸಿ ಬಂತು. ಮುಂಜಾನೆ ಮಗ್ಗ ಪೂಜಾ ಮಾಡುವಾಗ ಪೆಟಗಿಗೂ ಒಂದು ಬೊಟ್ಟು ಕುಂಕಮ ಹಚ್ಚಿದೆ. ಮಧ್ಯಾಹ್ನ ರೇಣುಕಾ ಉಬ್ಬಿದ್ದ ಕೆಪಾಸಿಟರೊಂದನ್ನ ಕಿತ್ತು ಹೊಸಾದು ಬೆಸುಗಿ ಹಾಕಿ, ಬಟನ್ ಒತ್ತಿದ್ಲು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮ್ಯಾಲೆ ಗಾಜಿನ ನಡುವ ಒಂದು ಹಸರು ಚುಕ್ಕಿ. ಅದು ಹಿಗ್ಗಿ, ಬಿಗಿದ ಎಳಿ ಹಂಗ ನೆಟ್ಟನ ಗೆರಿ! ರೇಣುಕಾ ಚೀರಿ ಕುಣಿದ್ಲು.

ಹೊರಗ ಟಂಟಂ ತರಸಿ ನಿಂತಿದ್ದ ನಮ್ಮ ಮನಿಯವರು ಓಡಿ ಬಂದ್ರು. ಗೆರಿ ನೋಡಿದ ಕೂಡಲೆ ತಮ್ಮ ತಲಿಮ್ಯಾಗಿನ ಟೊಪಗಿ ತಗದ್ರು.

"ಹೋತು. ಜೀವಾ ಹೋತು. ದವಾಖಾನ್ಯಾಗ ಅಣ್ಣನ ಮಗ್ಗಲಕ ಇಂಥಾದ್ದೇ ಇತ್ತು. ಗೆರಿ ನೆಟ್ಟಗಾತು, ಅಣ್ಣ ಹೋದ. ಅಳಬ್ಯಾಡವಾ ರೇಣುಕಾ."

"ಮುತ್ಯಾ, ನಾ ನಗಾಕತ್ತೇನಿ!"

"ದುಃಖ ಭಾಳಾದ್ರ ಹಂಗ ಆಕೈತಿ ತಂಗಿ" ಅಂದು ಅಕಿ ತಲಿ ಸವರಿ, ಟಂಟಂದಾಂವಗ ಹಗ್ಗ ತಾ ಅಂತ ಕೂಗಿದ್ರು.

ರೇಣುಕಾ ಪೆಟಗಿಯ ವೈರು ನನ್ನ ಕೈಗೆ ಕೊಟ್ಟು, "ಆಯಿ, ಇದರ ತುದಿ ಮುಟ್ಟು" ಅಂದ್ಲು. ಮುಟ್ಟಿದೆ. ಸತ್ತ ಗೆರಿ ಎದ್ದು ತೆರಿ ತೆರಿ ಆಗಿ ಕುಣೀತು!

"ನೋಡ್ರೀ, ನನ್ನ ಜೀವಾ!" ಅಂದೆ.

"ನಿಂದಲ್ಲ ಆಯಿ. ಮನಿ ವೈರಿನ್ಯಾಗ ಹರಿಯೋ ಕರೆಂಟಿನ ಗಾಳಿ ಎಲ್ಲಾರ ಮೈಗೂ ಹತ್ತಿರತೈತಿ. ಅದನ್ನ ತೋರಸತೈತಿ. ಯಾರೂ ಮುಟ್ಟದಿದ್ರ ಗೆರಿ ನೆಟ್ಟಗ ಇರೋದ ಇದಕ್ಕ ಆರೋಗ್ಯ."

ನಮ್ಮ ಮನಿಯವರು ಅಂಜಿಕೋತ ಮುಟ್ಟಿದ್ರು, ಕುಣೀತು. ಮಗಾ ಮುಟ್ಟಿದ, ಕುಣೀತು. ಸೊಸಿ ಮುಟ್ಟಿದ್ಲು. ಅಕಿ ತೆರಿ, ನನ್ನ ತೆರಿ ಒಂದ ನಮೂನಿ. ಇಬ್ಬರಿಗೂ ಅಪಮಾನ ಆದಂಗಾತು. ಹಗ್ಗ ಹಿಡಕೊಂಡು ಬಂದ ಟಂಟಂದಾಂವನ ಕೈಲೂ ಮುಟ್ಟಿಸಿದ್ರು ನಮ್ಮ ಮನಿಯವರು, ತಾವ ಮಾಡಿದ ಪೆಟಗಿ ಇದ್ದಂಗ. ಕಂಡಿಕಿ ಮಶೀನ ಎಲ್ಲಿಡೋದು ಅಂತ ಕೇಳಿದೆ. "ನಾ ಮಧ್ಯಾಹ್ನ ಮಲಗೋ ಜಾಗಾದಾಗ ಇಡೂಣು" ಅಂದ್ರು. ಇದಕ್ಕಿಂತ ದೊಡ್ಡ ತ್ಯಾಗ ನಾ ಅವರ ಕಡಿಂದ ನೋಡಿಲ್ಲ.

ಸಂಜೀಕ ಆ ಮೂಲಿ ಮುಂದನ ಎಲ್ಲಾರೂ ಸಾಲಾಗಿ ಊಟಕ್ಕ ಕುಂತ್ರು, ಟಂಟಂದಾಂವನೂ. ಹೋಳಿಗಿ, ಕಟ್ಟಿನ ಸಾರು. ಹಸಿವಿಗೆ ಯಾರೂ ಮಾತಾಡವಲ್ರು, ಯಾರೂ ಮಿಸುಕವಲ್ರು. ಸಾಲು ಆ ಗೆರಿ ಹಂಗ ನೆಟ್ಟಗ. ನನಗ ಒಂದು ಗಳಿಗಿ ಅಂಜಿಕಿ ಆತು. ತುಪ್ಪದ ಗಿಂಡಿ ಹಿಡಕೊಂಡು ನಡುವ ಹೋದೆ ನೋಡ್ರಿ, "ಇಲ್ಲೆ ಬೇ, ಇಲ್ಲೆ", "ಮೊದಲ ನನಗ ಆಯಿ", "ಮುತ್ಯಾಗ ಎರಡನೇ ಸಲ ಹಾಕಬ್ಯಾಡ" ಅಂತ ಒಬ್ಬರು ಏಳಾಕ, ಒಬ್ಬರು ಬಾಗಾಕ ಹತ್ತಿದ್ರು. ಇಡೀ ಗೆರಿ ಕುಣೀತು.