ಹೊಲಿಗೆಯಮ್ಮನ ಮನೆಯ ಹೊಗೆಗಂಟೆ

ಆ ಬೀದಿಯವರೆಲ್ಲ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಕರೆದದ್ದು ಅವಳಿಗೆ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. ನಾಲ್ಕು ವರ್ಷದ ಕೂಸಾಗಿದ್ದಾಗ ಬಂದ ಜ್ವರ, ಮೈ ಬಿಟ್ಟು ಹೋಗುವಾಗ ಎರಡೂ ಕಿವಿಗಳನ್ನು ಜೊತೆಗೆ ಒಯ್ದುಬಿಟ್ಟಿತ್ತು. ಕೈಹಿಡಿದ ಗಂಡನೂ ಕಿವುಡನೇ; ಛಾಪಖಾನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವ. ಇಬ್ಬರೂ ಕೈಯಲ್ಲೇ ಮಾತಾಡುವರು, ಕೈಯಲ್ಲೇ ಜಗಳವಾಡುವರು. ಜಗಳ ಮಿತಿಮೀರಿದರೆ ಇಬ್ಬರಲ್ಲಿ ಒಬ್ಬರು ದೀಪ ಆರಿಸಿಬಿಡುವರು. ಕತ್ತಲಲ್ಲಿ ಇನ್ನೇನು ಬೈಯುವುದು? ಜಗಳ ಅಲ್ಲಿಗೆ ಮುಗಿಯಿತು.

ಮಗಳು ಹುಟ್ಟಿದಾಗ ಇಬ್ಬರಿಗೂ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಗಂಡ ತೊಟ್ಟಿಲ ಹಿಂದೆ ನಿಂತು ಒಂದು ಪಾತ್ರೆಯನ್ನು ನೆಲಕ್ಕೆ ಬಿಟ್ಟ. ಕೂಸು ಬೆಚ್ಚಿಬಿದ್ದು, ಮುಖವೆಲ್ಲ ಕೆಂಪಾಗಿ ಬಾಯಿ ತೆರೆಯಿತು. ಅಪ್ಪ ಅಮ್ಮ ಇಬ್ಬರೂ ಅಳುವ ಮಗುವನ್ನು ನೋಡಿ ನಕ್ಕರು, ನಗುತ್ತಲೇ ಅತ್ತರು. ಮನೆಗೆ ಕಿವಿ ಬಂದಿತ್ತು. ಕೈಮಾತಿನಲ್ಲಿ ಅವರು ಮಗಳಿಗೆ ಇಟ್ಟ ಹೆಸರೂ ಅದೇ: ಎರಡು ಬೆರಳಲ್ಲಿ ಕಿವಿಯ ತುದಿ ಹಿಡಿದರೆ ಅವಳನ್ನು ಕರೆದಂತೆ.

ಕೆಲಸವೂ ಹೆಸರಿಗೆ ತಕ್ಕ ಹಾಗೇ ಆಯಿತು. ಹಾಲು ಉಕ್ಕಿದರೆ ಅವಳು ಓಡಬೇಕು, ನಲ್ಲಿ ಸೋರಿದರೆ ಅವಳು ಹೇಳಬೇಕು, ಗಿರಾಕಿಗಳ ಚೌಕಾಸಿಗೆಲ್ಲ ಅವಳೇ ಮಧ್ಯಸ್ಥಿಕೆ. ಮೇಜಿನೆತ್ತರದ ಹುಡುಗಿ ಡಾಕ್ಟರ ಮುಂದೆ ನಿಂತು ಅಪ್ಪನ ಹೃದಯದ ಕಾಯಿಲೆಯನ್ನು ಅಮ್ಮನಿಗೆ ಕೈಯಲ್ಲಿ ವಿವರಿಸಿದ್ದಳು. ಅಪ್ಪ ಇನ್ನಿಲ್ಲ ಎಂಬುದನ್ನು ಹೇಳಿದ ಕೈಯೂ ಅವಳದೇ.

ಶಾಲೆ ಮುಗಿಸಿ ಪೇಟೆಯ ಚಪ್ಪಲಿ ಅಂಗಡಿಗೆ ಸೇರಿಕೊಂಡಳು. ಮನೆಯಲ್ಲಿ ಬಾಯಿಗೆ ಕೆಲಸವಿಲ್ಲದ ಹುಡುಗಿ ಅಲ್ಲಿ ಮಾತಿನ ಮಲ್ಲಿ. ಒಂದು ಜೊತೆ ಕೊಳ್ಳಲು ಬಂದವರಿಗೆ ಎರಡು ಜೊತೆ ಕಟ್ಟಿ ಕಳಿಸುವಳು. ಆ ಕಥೆಗಳನ್ನು ಸಂಜೆ ಕೈ ಕಾಲು ಕುಣಿಸಿ ಹೇಳಿ ಅಮ್ಮನನ್ನು ನಗಿಸುವಳು. ಹೀಗಿರುವಾಗ ಒಂದು ಮಧ್ಯಾಹ್ನ, ಹಿಂದಿನ ಕೋಣೆಯಲ್ಲಿ ಉಣ್ಣೆಯ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಹಾಗೇ ಬಿಟ್ಟು, ಯಾರೋ ಕೈಬೀಸಿ ಕರೆದರೆಂದು ಹೊಲಿಗೆಯಮ್ಮ ಮುಂದಿನ ಕೋಣೆಗೆ ಬಂದಳು. ಬಂದವರು ಪರದೆಯ ಬಟ್ಟೆ ಬಿಚ್ಚಿ ಹರಡಿದರು, ಅಳತೆ ಹಿಡಿಯುತ್ತ ಇಸ್ತ್ರಿಯ ನೆನಪೇ ಹಾರಿಹೋಯಿತು. ನೆಗಡಿಯಿಂದ ಮೂಗೂ ಕಟ್ಟಿತ್ತು. ಬಂದವರು ಹೋದರು, ಅವಳು ಮಿಷನ್ನಿಗೆ ಕೂತಳು. ಊಟಕ್ಕೆ ಬಂದ ಮಗಳು ಬಾಗಿಲಲ್ಲೇ ಚೀಲ ಎಸೆದು ಒಳಗೆ ಓಡಿದ್ದನ್ನು ನೋಡಿ ಹಿಂದೆ ತಿರುಗಿದಾಗಲೇ ಅವಳಿಗೆ ಹೊಗೆ ಕಂಡದ್ದು. ಮೇಜು, ಕೋಟು, ಕಿಟಕಿಯ ಚೌಕಟ್ಟು ಸುಟ್ಟವು. ಜೀವಕ್ಕೇನೂ ಆಗಲಿಲ್ಲ.

ಮಾರನೆಯ ವಾರ ಮಗಳು ಅಂಗಡಿಯ ಕೆಲಸ ಬಿಟ್ಟಳು. "ನಿಂತು ನಿಂತು ಕಾಲು ಸೋತ್ಹೋಯ್ತು. ನಿನ್ ಜೊತೆ ಕಾಜಾ ಗುಂಡಿ ಹಾಕ್ಕೊಂಡು ಇರ್ತೀನಿ" ಎಂದಳು. ಹೊಲಿಗೆಯಮ್ಮ ನಂಬಿದಳು. ಮಗಳ ಕೈ ಹೇಳಿದ್ದನ್ನು ನಂಬದೆ ಇನ್ನೇನನ್ನು ನಂಬುವುದು?

ಎದುರಿನ ಎತ್ತರದ ಕಟ್ಟಡದಲ್ಲಿ ಲಿಫ್ಟು ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಒಬ್ಬನಿದ್ದ. ಪ್ಯಾಂಟಿನ ಅಂಚು ಮಡಿಸಿಕೊಡಿ ಎಂದು ಬಂದವನು ಆಮೇಲೆ ಅಭ್ಯಾಸವನ್ನೇ ಮಾಡಿಕೊಂಡ. ಉದ್ದವಾಯಿತು ಎಂದು ಒಂದು ದಿನ, ಗಿಡ್ಡವಾಯಿತು ಎಂದು ಇನ್ನೊಂದು ದಿನ. "ಇವನಿಗೆ ಕಾಲು ಎರಡೇ ತಾನೆ?" ಎಂದು ಹೊಲಿಗೆಯಮ್ಮ ಕೇಳಿದರೆ ಮಗಳು ಸೂಜಿಗೆ ದಾರ ಪೋಣಿಸುತ್ತ ಮುಖ ತಗ್ಗಿಸುವಳು. ಅಷ್ಟೂ ತಿಳಿಯದವಳಲ್ಲ ಹೊಲಿಗೆಯಮ್ಮ. ತಾನಾಗಿ ಹೇಳಲಿ ಎಂದು ಕಾದಳು.

ಒಂದು ಸಂಜೆ ಅವನು ಕೂದಲು ಒಪ್ಪವಾಗಿ ಬಾಚಿ, ಕೈಯಲ್ಲಿ ಪ್ಯಾಂಟಿಲ್ಲದೆ ಬಂದ. ಬೇರೆ ದಿನ ಮಗಳ ಕಡೆ ತಿರುಗಿ ಮಾತಾಡುವವನು ಅಂದು ಹೊಲಿಗೆಯಮ್ಮನ ಮುಖ ನೋಡಿಕೊಂಡೇ ತುಂಬ ಹೊತ್ತು ಮಾತಾಡಿದ. ಅವನು ಮುಗಿಸಿದ ಮೇಲೆ ಮಗಳು ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಕೈ ಎತ್ತಿದಳು.

"ಅವ್ರಿಗೆ ದೂರದೂರಿಗೆ ವರ್ಗ ಆಗಿದ್ಯಂತೆ. ಹೇಳ್ಹೋಗೋಣ ಅಂತ ಬಂದಿದಾರೆ."

ಹೊಲಿಗೆಯಮ್ಮನಿಗೆ ಪಿಚ್ಚೆನಿಸಿತು. ತಾನು ಅಂದುಕೊಂಡದ್ದೇ ಸುಳ್ಳಾಯಿತಲ್ಲ ಎಂದುಕೊಂಡಳು. "ಒಳ್ಳೇ ಹುಡ್ಗ. ಹೋದ್ ಕಡೆ ಚೆನ್ನಾಗಿರಲಿ ಅಂತ ಹೇಳು" ಎಂದು ನಕ್ಕು, ಅವನ ತೋಳು ತಟ್ಟಿದಳು. ಮಗಳು ಅವನಿಗೆ ಅದೇನೋ ಹೇಳಿದಳು. ಅವನು ಹೊಲಿಗೆಯಮ್ಮನ ನಗುವನ್ನೇ ದಿಟ್ಟಿಸಿ, ಕೊಟ್ಟ ಚಹಾ ಮುಟ್ಟದೆ ಎದ್ದುಹೋದ. "ಪಾಪ, ಇನ್ನು ಪ್ಯಾಂಟು ಯಾರ ಹತ್ರ ಕತ್ತರಿಸ್ಕೊಳ್ತಾನೋ" ಎಂದಳು ಹೊಲಿಗೆಯಮ್ಮ. ಮಗಳು ನಕ್ಕಳು. ನಕ್ಕು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡವಳು ಬೇಗ ಹೊರಗೆ ಬರಲಿಲ್ಲ.

ಎಷ್ಟೋ ವರ್ಷ ಉರುಳಿದವು. ಮಗಳ ಬೈತಲೆಯಲ್ಲಿ ಬಿಳಿ ಕೂದಲು ಕಂಡಿತು. ಅಂಥ ಹೊತ್ತಿನಲ್ಲಿ, ಕಿವಿ ಕೇಳದವರ ಮನೆಗಳಿಗೆ ವೈರ್‌ಲೆಸ್ ಸ್ಮೋಕ್ ಡಿಟೆಕ್ಟರ್ ಹಾಕಿಕೊಡುತ್ತೇವೆಂದು ಅಗ್ನಿಶಾಮಕದ ಕಚೇರಿಯಿಂದ ಒಬ್ಬ ಹೆಂಗಸು ಬಂದು ಹೇಳಿಹೋದಳು. ಬೀದಿಯವರ ಬಾಯಲ್ಲಿ ಅದು ಹೊಗೆಗಂಟೆಯಾಯಿತು.

"ನಾನಿಲ್ವಾ? ಅದ್ಯಾಕೆ?" ಎಂದಳು ಮಗಳು, ಹುಬ್ಬು ಗಂಟಿಕ್ಕಿ.

"ನೀನು ಪೇಟೆಗೆ ಹೋದಾಗ ಬೆಂಕಿ ಹೇಳಿ ಕೇಳಿ ಬರುತ್ತಾ? ಹಾಕಿಸ್ಲಿ ಬಿಡು" ಎಂದು ಹೊಲಿಗೆಯಮ್ಮ ಪಟ್ಟು ಹಿಡಿದಳು.

ಹಾಕುವವರು ಬಂದ ದಿನ ಮಗಳು ಅಸ್ತರಿನ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಕರೆಗಂಟೆಗೆ ಜೋಡಿಸಿದ್ದ ದೀಪ ಮಿನುಗಿತು. ಬಾಗಿಲು ತೆರೆದರೆ ಹೆಗಲಿಗೆ ಮಡಿಚುವ ಏಣಿ, ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತವನು ಆ ಲಿಫ್ಟಿನ ಮೆಕ್ಯಾನಿಕ್. ಕೆನ್ನೆ ತುಂಬಿಕೊಂಡಿತ್ತು, ಕಿವಿಯ ಮೇಲಿನ ಕೂದಲು ನೆರೆತಿತ್ತು. ಏಣಿ ಗೋಡೆಗೊರಗಿಸಿ ಅವನು ಕೈಯಲ್ಲಿ ಮಾತಾಡತೊಡಗಿದಾಗ ಹೊಲಿಗೆಯಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ನೆನಪಿದ್ಯಾ ಅಮ್ಮಾ? ಪ್ಯಾಂಟು?"

ಬೆರಳು ಅಲ್ಲಲ್ಲಿ ತೊದಲುತ್ತಿತ್ತು, ಮಾತು ಮಾತ್ರ ಸ್ಪಷ್ಟ. ಅವಳಿಗೆ ಖುಷಿಯೋ ಖುಷಿ. ಅವನು ಮುಂದಿನ ಕೋಣೆಯ ಚಾವಣಿಯ ನಡುವೆ ಒಂದು, ಮಲಗುವ ಕೋಣೆಯ ಹೊರಗೆ ಒಂದು ಬಿಳಿ ಬಿಲ್ಲೆ ಕೂರಿಸಿದ. ಅಡುಗೆಮನೆಗೆ ಬೇರೆಯದು, ಹಬೆಗೆಲ್ಲ ಹೆದರದೆ ಬಿಸಿ ಏರಿದರೆ ಮಾತ್ರ ಎಚ್ಚರಿಸುವಂಥದ್ದು. ತಂತಿ ಇಲ್ಲ, ಮೂರೂ ಗಾಳಿಯಲ್ಲೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಎಂದ. ಹಾಸಿಗೆಯ ಪಕ್ಕ ಬೆಳಕು ಚಿಮ್ಮುವ ಪೆಟ್ಟಿಗೆ ಇಟ್ಟು, ಅದಕ್ಕೆ ವೈರಿನಿಂದ ಜೋಡಿಸಿದ, ನಡುಗುವ ತಟ್ಟೆಯೊಂದನ್ನು ದಿಂಬಿನ ಕೆಳಗೆ ಸೇರಿಸಿದ. "ಎಲ್ಲೇ ಹೊಗೆ ಎದ್ರೂ ಇದು ನಿಮ್ಮನ್ನ ಅಲ್ಲಾಡಿಸಿ ಎಬ್ಬಿಸುತ್ತೆ."

ಚಹಾ ಕೊಟ್ಟಳು. ಈ ಸಲ ಕುಡಿದ.

"ಕೈಮಾತು ಎಲ್ಲಿ ಕಲಿತೆ?" ಎಂದು ಕೇಳಿದಳು.

"ಈ ಕೆಲ್ಸಕ್ಕೋಸ್ಕರ. ಈ ಕೆಲ್ಸ ಹಿಡಿದಿದ್ದು ನಿಮ್ಮ ಮಾತಿನಿಂದ. ಆವತ್ತು ನೀವು ಹೇಳಿದ್ದು ನನಗೆ ಬೇಜಾರೇನಿಲ್ಲಮ್ಮಾ, ನ್ಯಾಯವಾಗೇ ಇತ್ತು."

"ನಾನೇನು ಹೇಳ್ದೆ?"

"ನನಗೆ ಒಬ್ಬಳೇ ಇರೋಕೆ ಆಗಲ್ಲ, ಮಗಳನ್ನ ಕಳಿಸಲ್ಲ ಅಂತ. ನಾನು ಮದುವೆ ಕೇಳೋಕೆ ಬಂದಾಗ."

ಹೊಲಿಗೆಯಮ್ಮ ಇನ್ನೊಂದು ಸಲ ಹೇಳು ಎಂದಳು. ತನ್ನ ಕೈಯೇ ತಪ್ಪಿತೇನೋ ಎಂದುಕೊಂಡ ಅವನು ಲೋಟ ಕೆಳಗಿಟ್ಟು, ಮಕ್ಕಳಿಗೆ ಅಕ್ಷರ ತಿದ್ದಿಸುವವನ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ತೋರಿಸಿದ. ಮದುವೆ. ನಾನು. ನಿಮ್ಮ ಮಗಳು. ಕೇಳಿದೆ. ನೀವು ನಕ್ಕು, ಆಗಲ್ಲ ಅಂದಿರಿ.

ಅವಳ ಮುಖ ನೋಡುತ್ತ ಅವನ ಕೈ ಅರ್ಧಕ್ಕೇ ನಿಂತಿತು. ಆ ಮಾತು ಇವಳು ಆಡಿದ್ದೇ ಅಲ್ಲವೆಂದು ಅವನಿಗೂ ಅರ್ಥವಾಯಿತು.

"ಈಗ?" ಎಂದು ಕೇಳಿದಳು ಅವಳು.

ಅವನು ಮೊಬೈಲು ತೆಗೆದು ಒಂದು ಫೋಟೋ ತೋರಿಸಿದ. ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ. "ಇದನ್ನೆಲ್ಲ ನಿಮ್ಮನೇಗೆ ಹಾಕ್ಕೊಟ್ಟು ಇನ್ನೊಂದ್ಸಲ ಕೇಳೋಣ ಅಂತಾನೇ ಕಲಿಯೋಕೆ ಶುರುಮಾಡಿದ್ದು. ಅಷ್ಟರಲ್ಲಿ ನಮ್ಮಮ್ಮ ಹಾಸಿಗೆ ಹಿಡಿದ್ಳು. ನಿನ್ನ ಮದುವೆ ನೋಡೇ ಕಣ್ಮುಚ್ಚೋದು ಅಂತ ಹಠ ಮಾಡಿದ್ಳು." ಫೋಟೋ ಮರೆಮಾಡಿದ. "ಒಳ್ಳೆಯವಳು, ಇವಳು."

ಒಳ್ಳೆಯವಳಾಗಿರಲೇಬೇಕು. ಬೈಯಲು ಯಾರೂ ಸಿಗಲಿಲ್ಲ ಹೊಲಿಗೆಯಮ್ಮನಿಗೆ.

ಬಾಗಿಲು ದೂಡಿಕೊಂಡು ಮಗಳು ಬಂದಳು, ಎದೆಯೆತ್ತರದ ಬಟ್ಟೆಗಂಟು ಅಪ್ಪಿಕೊಂಡು. ಅವನನ್ನು ಕಂಡು ನಿಂತುಬಿಟ್ಟಳು. ಅವನು ಕೆಲಸದ ಅಭ್ಯಾಸದಂತೆ ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಕೇಳಿದ: "ಚೆನ್ನಾಗಿದ್ದೀಯಾ?" ಆ ಕೈಗಳನ್ನು ನೋಡಿ ಮಗಳ ಕಣ್ಣು ತಟ್ಟನೆ ಅಮ್ಮನ ಕಡೆ ಹೊರಳಿತು. ತಾನಿಲ್ಲದೆಯೇ ಇವರಿಬ್ಬರೂ ಮಾತಾಡಿದ್ದಾರೆ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಅವಳ ತುಟಿ ಅಲುಗಿತು. ಗಂಟು ಹಿಡಿದ ಕೈ ಅಲುಗಲಿಲ್ಲ. ಅವಳು ಅವನಿಗೆ ಏನು ಹೇಳಿದಳೆಂದು ಹೊಲಿಗೆಯಮ್ಮನಿಗೆ ತಿಳಿಯಲಿಲ್ಲ.

ಮೂವರಿಗೂ ಏನಾದರೊಂದು ಮಾಡಬೇಕಿತ್ತು. ಅವನು ಪರೀಕ್ಷೆ ಮಾಡೋಣವೆಂದ. ಹೊಲಿಗೆಯಮ್ಮ ದಿಂಬಿನ ಮೇಲೆ ಅಂಗೈಯಿಟ್ಟು ಕೂತಳು. ಅವನು ಪೊರಕೆಯ ಹಿಡಿಯಿಂದ ಬಿಲ್ಲೆಯ ಗುಂಡಿ ಒತ್ತಿದ. ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಬಿಳಿಯ ಬೆಳಕು ಚಕ್ ಚಕ್ ಎಂದು ಗೋಡೆಗೆ ಹೊಡೆಯಿತು. ದಿಂಬು ಹಿಡಿದು ಜಗ್ಗಿದಂತೆ ನಡುಗಿ, ಆ ನಡುಕ ಮೊಣಕೈವರೆಗೆ ಏರಿತು. ಮಗಳು ಅಳುತ್ತಿದ್ದಾಳೆಂದು ಆ ಬೆಳಕಿನಲ್ಲಿ ಕಂಡಿತು.

ಹೊರಡುವ ಮುಂಚೆ ಅವನು ಹೊಲಿಗೆಯಮ್ಮನಿಗೆ ಹೇಳಿದ: "ತಿಂಗಳಿಗೊಂದ್ಸಲ ಗುಂಡಿ ಒತ್ತಿ ನೋಡಿ. ನಿಮ್ಮನೇಲಿ ದಾರದ ಧೂಳು ಜಾಸ್ತಿ, ಒಳಗೆ ಹೋಗಿ ಸುಮ್ಸುಮ್ನೆ ಕೂಗುತ್ತೆ. ಮೆತ್ತನೆ ಬ್ರಶ್ಶಲ್ಲಿ ಒರೆಸ್ತಾ ಇರಿ, ನೀರು ಮುಟ್ಟಿಸ್ಬೇಡಿ. ಇನ್ನುಮುಂದೆ ಚೆಕ್ ಮಾಡೋಕೆ ಬೇರೆಯವ್ರನ್ನ ಕಳಿಸ್ತೀನಿ." ಕೊನೆಯ ಮಾತು ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ಮುಚ್ಚಿದ್ದೇ ತಡ, ಹೊಲಿಗೆಯಮ್ಮ ಮಗಳ ಭುಜ ಹಿಡಿದು ತಿರುಗಿಸಿದಳು.

"ನನ್ ಬಾಯಲ್ಲಿ ಇಲ್ದಿರೋ ಮಾತು ಹೇಳಿದ್ಯಲ್ಲೇ! ನಿನ್ನ ಬಾಳು ನುಂಗಿದ ರಾಕ್ಷಸಿ ಅಂತ ಅವನ ಕಣ್ಣಲ್ಲಿ ನನ್ನ ನಿಲ್ಲಿಸ್ಬಿಟ್ಯಲ್ಲೇ!"

"ಕೇಳಿದ್ರೆ ನೀನೇನು ಹೇಳ್ತಿದ್ದೆ?"

"ಹೋಗು ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ. ನೀನು ಹೋಗು ಅಂತಿದ್ದೆ, ನಾನು ಹೋಗ್ಬಿಡ್ತಿದ್ದೆ. ಆಮೇಲೆ ಒಂದಿನ ನೀನು ಇಸ್ತ್ರಿ ಮರ್ತಿದ್ರೆ?"

"ಸತ್ರೆ ಸಾಯ್ತಿದ್ದೆ!"

"ಹೇಳೋಕೇನು, ಸುಲಭ" ಎಂದು ಮಗಳು ಮೇಲಿನ ಬಿಲ್ಲೆ ತೋರಿಸಿದಳು. "ಈಗ ಅದಿದ್ಯಲ್ಲ. ನನ್ನ ಕೆಲ್ಸ ಮುಗೀತು."

ಹೊಲಿಗೆಯಮ್ಮ ಉತ್ತರಿಸಲು ಕೈಯೆತ್ತಿದಳು. ಮಗಳೇ ಹೋಗಿ ದೀಪ ಆರಿಸಿದಳು. ಹೊರಗೆ ಇನ್ನೂ ಹಗಲಿತ್ತು, ಕತ್ತಲಾಗಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಲೇ ನಿಂತರು.

ಆಮೇಲೆ ಮನೆಯಲ್ಲಿ ಕೈಗಳು ಬೇಕಾದಷ್ಟೇ ಮಾತಾಡಿದವು. ಚಪ್ಪಲಿ ಅಂಗಡಿಯ ಹಳೆಯ ಗೆಳತಿಯೊಬ್ಬಳು ಬೇರೆ ಊರಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಹೊಲಿಗೆಯಮ್ಮ ತಾನೇ ಅವಳಿಗೆ ಮೊಬೈಲಿನಲ್ಲಿ ಬರೆದು, ಕೆಲಸವನ್ನೂ ಇರಲು ಕೋಣೆಯನ್ನೂ ಗೊತ್ತುಮಾಡಿದಳು. ಮಗಳು ಮೊದಲು ಬೇಡವೆಂದಳು, ಆಮೇಲೆ ಬಟ್ಟೆ ಚೀಲಕ್ಕೆ ತುಂಬಿದಳು. ಹೊರಡುವ ದಿನ ಅಮ್ಮ ಹೊಸ ಕೋಟು ಹೊಲಿದು ತೊಡಿಸಿ, ಗುಂಡಿಗಳನ್ನು ತಾನೇ ಹಾಕಿ, ಬಸ್ಸಿನವರೆಗೆ ಹೋಗಿ ಬಂದಳು.

ಒಬ್ಬಳೇ ಇರುವುದನ್ನು ಹೊಲಿಗೆಯಮ್ಮ ಹಟ ಹಿಡಿದು ಕಲಿತಳು. ತಪ್ಪದೆ ಗುಂಡಿ ಒತ್ತಿ ನೋಡಿದಳು, ಸ್ಟೂಲು ಹತ್ತಿ ಧೂಳು ಒರೆಸಿದಳು. ಆದರೂ ಒಂದು ಸಂಜೆ ತಲೆನೋವೆಂದು ಅಡ್ಡಾಗಿದ್ದಾಗ ದಿಂಬು ನಡುಗಿತು, ಬೆಳಕು ಚಿಮ್ಮಿತು. ಎದ್ದು ಇಸ್ತ್ರಿ ಮುಟ್ಟಿದಳು, ತಣ್ಣಗಿತ್ತು. ಒಲೆ ಆರಿತ್ತು. ಕೋಣೆ ಕೋಣೆ ಸುತ್ತಿದಳು, ಮೂಗೆತ್ತಿ ಮೂಸಿದಳು. ಎಲ್ಲೂ ಏನಿಲ್ಲ. ಬಿಲ್ಲೆಯ ಸೀಳಿನಲ್ಲಿ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ತೆಗೆದು ಕೆಳಗಿಳಿದವಳು ಸ್ಟೂಲಿನ ಮೇಲೇ ಕುಸಿದಳು. ಕಿವಿಯ ತುದಿ ಹಿಡಿದು ಮಗಳ ಹೆಸರು ಕರೆದಳು, ಖಾಲಿ ಕೋಣೆಗೆ. ಆಮೇಲೆ ಮೊಬೈಲು ತೆಗೆದು, "ಇಲ್ಲಿ ಎಲ್ಲಾ ಆರಾಮು. ನಿನ್ನ ನೆನಪೇ ಆಗಲ್ಲ" ಎಂದು ಬರೆದು ಕಳಿಸಿದಳು.

ಚಳಿ ಮುಗಿಯುವ ಹೊತ್ತಿಗೆ ಮಗಳು ಹಿಂತಿರುಗಿ ಬಂದಳು. ಕಣ್ಣ ಕೆಳಗೆ ಕಪ್ಪು, ಮುಖದಲ್ಲಿ ಕಳೆಯಿಲ್ಲ.

"ಅಲ್ಲಿ ನಿದ್ದೇನೇ ಬರಲ್ಲಮ್ಮಾ. ಯಾರದೋ ನಲ್ಲಿ ತೊಟ್ಟಿಕ್ಕಿದ್ರೆ ಎದ್ದು ಕೂರ್ತೀನಿ, ಯಾರದೋ ಬಾಗ್ಲು ಬಡ್ಕೊಂಡ್ರೆ ಓಡೋಕೆ ಹೋಗ್ತೀನಿ. ಗಿರಾಕಿಗಳ ಹತ್ರ ಏನ್ ಮಾತಾಡ್ಬೇಕು ಅಂತಾನೇ ತೋಚಲ್ಲ. ಅಂಗಡೀಲಿ ಪಟಪಟ ಮಾತಾಡ್ತಿದ್ದ ಆ ಹುಡ್ಗಿ ಯಾವತ್ತೋ ಹೋಗ್ಬಿಟ್ಳು. ಇನ್ನು ನನ್ನ ಕಳಿಸ್ಬೇಡ."

ವಾಪಸ್ಸು ಕಳಿಸಬೇಕು ಎಂದು ಹೊಲಿಗೆಯಮ್ಮನ ಬುದ್ಧಿ ಹೇಳಿತು. ಇನ್ನೂ ಸ್ವಲ್ಪ ದಿನ ಇದ್ದು ನೋಡು, ಅಭ್ಯಾಸವಾಗುತ್ತದೆ ಎನ್ನಬೇಕು. ಬಾಗಿಲಿಗೆ ಅಡ್ಡ ನಿಲ್ಲಬೇಕು. ಆದರೆ ಅವಳ ಕೈ ಆಗಲೇ ಮಗಳ ಚೀಲ ಇಸಿದುಕೊಂಡಾಗಿತ್ತು. ಒಲೆಯ ಮೇಲೆ ನೀರಿಡುತ್ತ ಅವಳು ಬೆನ್ನು ತಿರುಗಿಸಿಯೇ ನಿಂತಳು. ಅವಳ ಮುಖದ ತುಂಬ ಸಂತೋಷವಿತ್ತು, ತಡೆಯಲಾಗದಂಥ ಸಂತೋಷ. ಅದು ಮಗಳ ಕಣ್ಣಿಗೆ ಬೀಳಬಾರದಿತ್ತು.